ಬ್ಯಾಟರಿಲಿ ಓಡೋ ಸೋಲ್ಡರ್ ಹೊಗೆ ಎಕ್ಸ್‌ಟ್ರಾಕ್ಟರ್: ತ್ರೀಡಿ ಪ್ರಿಂಟ್ ಮಾಡಿ ನೀವೇ ಕಟ್ಟೋದು ಹೇಗೆ

ಸೋಲ್ಡರ್ ಮಾಡುವಾಗ ಹೊಗೆ ಯಾವಾಗ್ಲೂ ಸೀದಾ ಮುಖಕ್ಕೇ ಬರತ್ತೆ, ಎಲ್ಲರ ಕಂಪ್ಲೇಂಟೂ ಅದೇ. ಬಿಸಿ ಗಾಳಿ ಮೇಲಕ್ಕೇ ಏಳೋದು, ನಾವೋ ಜಾಯಿಂಟ್ ಸರಿಯಾಗಿ ಕಾಣ್ಲಿ ಅಂತ ಅದರ ಮೇಲೇ ಬಗ್ಗಿ ಕೂತಿರ್ತೀವಿ, ಇನ್ನೆಲ್ಲಿಗೆ ಹೋಗ್ಬೇಕು ಅದು. ಆ ಹೊಗೆನ ಎಳ್ಕೊಂಡು ಆಚೆ ಬಿಡೋ ಫ್ಯಾನ್ ಡಬ್ಬಾನೇ ಈ ಎಕ್ಸ್‌ಟ್ರಾಕ್ಟರ್.

ಒಂದು ತಪ್ಪು ತಿಳುವಳಿಕೆ ಮೊದ್ಲೇ ಸರಿ ಮಾಡ್ಕೊಳ್ಳೋಣ. ಆ ಹೊಗೆಲಿ ಸೀಸ ಇದೆ ಅಂತ ತುಂಬಾ ಜನ ಹೆದರ್ತಾರೆ. ಸೀಸ ಕುದಿಯೋದು 1749 ಡಿಗ್ರಿ ಸೆಲ್ಸಿಯಸ್‌ಗೆ, ನಮ್ಮ ಐರನ್ ಇರೋದು 300 ರಿಂದ 400 ರೊಳಗೆ, ಹಾಗಾಗಿ ಸೀಸ ಆವಿಯಾಗಿ ಮೂಗಿಗೆ ಬರೋದು ಲೆಕ್ಕಕ್ಕಿಲ್ಲದಷ್ಟು ಕಮ್ಮಿ. ಸೀಸ ದೇಹದೊಳಗೆ ಹೋಗೋದು ಕೈಯಿಂದ ಬಾಯಿಗೆ, ಅದಕ್ಕೆ ಸೋಪು ನೀರೇ ಔಷಧಿ. ಕಣ್ಣಿಗೆ ಕಾಣೋ ಆ ಬಿಳಿ ಹೊಗೆ ಫ್ಲಕ್ಸ್‌ದು (ಸೋಲ್ಡರ್ ಚೆನ್ನಾಗಿ ಹಿಡೀಲಿ ಅಂತ ಅದರೊಳಗೆ ಇರೋ ವಸ್ತು), ಅದರಲ್ಲೂ ರೋಸಿನ್ ಅನ್ನೋ ಮರದ ರಾಳದ್ದು. ಹಂಗಂತ ಅದು ಸಾಧು ಅಂತ ತಿಳ್ಕೋಬೇಡಿ. ರೋಸಿನ್ ಹೊಗೆ ಪದೇ ಪದೇ ಕುಡಿದವರಿಗೆ ಆಸ್ತಮಾ ಬರಬಹುದು ಅನ್ನೋದು ಎಲೆಕ್ಟ್ರಾನಿಕ್ಸ್ ಕೆಲಸದವರಲ್ಲಿ ಎಂದೋ ಗೊತ್ತಾಗಿರೋ ವಿಷಯ, ಒಂದ್ಸಲ ಅಲರ್ಜಿ ಶುರುವಾಯ್ತು ಅಂದ್ರೆ ಆಮೇಲೆ ಸ್ವಲ್ಪ ಹೊಗೆ ಸಾಕು ಎದೆ ಬಿಗಿಯೋಕೆ. ಲೆಡ್-ಫ್ರೀ ಸೋಲ್ಡರ್ ತಗೊಂಡ್ರೆ ಬಚಾವ್ ಅನ್ನೋದೂ ಸುಳ್ಳು, ಅದಕ್ಕೆ ಹೆಚ್ಚು ಬಿಸಿ ಬೇಕು, ಫ್ಲಕ್ಸೂ ಜಾಸ್ತಿ ಇರತ್ತೆ, ಹೊಗೆ ಕಮ್ಮಿ ಏನಾಗಲ್ಲ.

ದೂರದ ಲೆಕ್ಕ: ಮೊದ್ಲು ಇದನ್ನ ಓದಿ, ಆಮೇಲೆ ಪಾರ್ಟ್ಸ್ ತಗೊಳ್ಳಿ

ಇದು ಅರ್ಥ ಆದ್ರೆ ಡಿಸೈನ್ ಪೂರ್ತಿ ತಾನಾಗೇ ಅರ್ಥ ಆಗತ್ತೆ. ದೀಪನ ಒಂದು ಅಡಿ ದೂರದಿಂದ ಊದಿ ಆರಿಸಬಹುದು, ಆದ್ರೆ ಅಷ್ಟೇ ದೂರದಿಂದ ಉಸಿರು ಎಳ್ಕೊಂಡು ಆರಿಸೋಕೆ ಯಾರಿಂದಲೂ ಆಗಲ್ಲ. ಊದಿದ ಗಾಳಿ ಒಂದೇ ದಿಕ್ಕಲ್ಲಿ ಹೋಗತ್ತೆ, ಎಳ್ಕೊಳ್ಳೋ ಗಾಳಿ ಎಲ್ಲಾ ದಿಕ್ಕಿಂದಲೂ ಬರತ್ತೆ. ಇದಕ್ಕೆ ಡಲ್ಲಾವಾಲ್ಲೆ ಸೂತ್ರ ಅಂತ ಒಂದಿದೆ, ವೆಂಟಿಲೇಶನ್ ಇಂಜಿನಿಯರುಗಳು ಬಳಸೋದು: ಫ್ಯಾನ್ ಎಳೆಯೋ ಗಾಳಿಯ ಪ್ರಮಾಣನ, ದೂರದ ವರ್ಗದ ಹತ್ತು ಪಟ್ಟಿಗೆ ಡಬ್ಬದೊಳಗೆ ಗಾಳಿ ಹೋಗೋ ಬಾಯಿಯ ವಿಸ್ತೀರ್ಣ ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಿ, ಆ ದೂರದಲ್ಲಿ ಗಾಳಿಯ ವೇಗ ಸಿಗತ್ತೆ.

ನಮ್ಮ ಫ್ಯಾನಿಗೇ ಹಾಕಿ ನೋಡಿ. ಒಳ್ಳೆ 120 ಮಿಮೀ ಫ್ಯಾನ್ ಖಾಲಿ ಬಿಟ್ರೆ ಗಂಟೆಗೆ 90 ಘನ ಮೀಟರ್ ಚಿಲ್ಲರೆ ಎಳೆಯತ್ತೆ, ಮುಂದೆ ಫಿಲ್ಟರ್ ಇಟ್ಟಾಗ ಅರ್ಧ ಉಳಿಯತ್ತೆ ಅಂದ್ಕೊಳ್ಳಿ, ಅಂದ್ರೆ 45. ಬಾಯಿ 130 ಕ್ಕೆ 130 ಮಿಮೀ. 5 ಸೆಂಮೀ ದೂರದಲ್ಲಿ ಸೆಕೆಂಡಿಗೆ ಸುಮಾರು 0.3 ಮೀಟರ್ ವೇಗ ಬರತ್ತೆ. 10 ಸೆಂಮೀಗೆ ಹೋದ್ರೆ 0.1. 20 ಸೆಂಮೀಗೆ 0.03, ಅಂದ್ರೆ ಇದ್ದೂ ಇಲ್ದಂಗೆ. ಇಂಥ ಹೊಗೆ ಹಿಡಿಯೋಕೆ ಸೆಕೆಂಡಿಗೆ ಅರ್ಧ ಮೀಟರ್ ಆಸುಪಾಸು ಇದ್ರೆ ಒಳ್ಳೇದು ಅಂತಾರೆ. ಹಾಗಾಗಿ ಎರಡು ಪಟ್ಟು ದೊಡ್ಡ ಫ್ಯಾನ್ ಹಾಕೋದಕ್ಕಿಂತ ಇರೋ ಫ್ಯಾನನ್ನೇ ಅರ್ಧ ದೂರಕ್ಕೆ ತರೋದು ಜಾಸ್ತಿ ಲಾಭ.

ಬ್ಯಾಟರಿ ಯಾಕೆ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಅಡಾಪ್ಟರ್ ವೈರ್ ಇರೋ ಡಬ್ಬ ಒಂದ್ಸಲ ಟೇಬಲ್ ಮೂಲೆ ಸೇರಿದ್ರೆ ಅಲ್ಲೇ ಇರತ್ತೆ, ಐರನ್ ವೈರ್ ಒಂದು, ಮೀಟರ್ ಪ್ರೋಬ್ ಎರಡು, ಇದರ ಮಧ್ಯೆ ಇನ್ನೊಂದು ವೈರ್ ಯಾರು ಎಳೀತಾರೆ. ವೈರ್ ಇಲ್ಲಾಂದ್ರೆ ಬೋರ್ಡ್ ತಿರುಗಿಸಿದಾಗೆಲ್ಲ ಫ್ಯಾನನ್ನೂ ಕೈಯಲ್ಲಿ ತಳ್ಳಿ ಜಾಯಿಂಟ್ ಪಕ್ಕಕ್ಕೇ ತರಬಹುದು. ಈ ಗೈಡಲ್ಲಿ ಇರೋ ಅಳತೆಗಳೆಲ್ಲ ಈ ಒಂದು ಉದ್ದೇಶಕ್ಕೇ: ಚಿಕ್ಕದು, ಬೀಳಬಾರದು, ಹತ್ರ ಬರಬೇಕು, ಫಿಲ್ಟರ್ ಪಕ್ಕದಿಂದ ಗಾಳಿ ನುಸುಳಬಾರದು.

ಏನೇನು ಬೇಕು

ಫ್ಯಾನ್: 12 ವೋಲ್ಟಿನ 120 × 120 × 25 ಮಿಮೀ ಕಂಪ್ಯೂಟರ್ ಫ್ಯಾನ್. ಬಾಕ್ಸ್ ಮೇಲೆ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅನ್ನೋದು) ನೋಡಿ ತಗೋಬೇಡಿ, ಸ್ಟ್ಯಾಟಿಕ್ ಪ್ರೆಶರ್ (ಎದುರಿಗೆ ಅಡ್ಡ ಇದ್ದಾಗ ಗಾಳಿ ತಳ್ಳೋ ಒತ್ತಡ) ನೋಡಿ. ಸಿಎಫ್‌ಎಂ ಅನ್ನೋದು ಮುಂದೆ ಏನೂ ಅಡ್ಡ ಇಲ್ಲದಾಗ ಬರೋ ಲೆಕ್ಕ. ಫಿಲ್ಟರ್ ಹಿಂದೆ ಕೆಲಸ ಮಾಡೋದು ಪ್ರೆಶರ್, ಅದು 2 ಮಿಮೀ ವಾಟರ್‌ಗಿಂತ ಮೇಲಿರಲಿ. ಅಗಲ ರೆಕ್ಕೆಯ, ರೆಕ್ಕೆಗಳ ಮಧ್ಯೆ ಸಂದು ಕಮ್ಮಿ ಇರೋ ಫ್ಯಾನ್‌ಗಳು ಸಾಮಾನ್ಯವಾಗಿ ಈ ಜಾತಿ. ಬಣ್ಣ ಬಣ್ಣದ ಲೈಟ್ ಇರೋದು ದಂಡ, ಬ್ಯಾಟರಿನೂ ತಿನ್ನತ್ತೆ.

ಫಿಲ್ಟರ್: ಸೋಲ್ಡರ್ ಸ್ಮೋಕ್ ಅಬ್ಸಾರ್ಬರ್‌ಗೆ ಅಂತಲೇ 130 × 130 × 10 ಮಿಮೀ ಆಕ್ಟಿವೇಟೆಡ್ ಕಾರ್ಬನ್ ಫೋಮ್ ಶೀಟ್ ಸಿಗತ್ತೆ. ಇದರ ಮಿತಿ ತಿಳ್ಕೊಂಡಿರಿ. ಕಾರ್ಬನ್ ಹಿಡಿಯೋದು ವಾಸನೆ ಮತ್ತು ಕೆಲವು ಗ್ಯಾಸ್. ಹೊಗೆಯ ಕಣಗಳು ಹೆಚ್ಚಿನವು 1 ಮೈಕ್ರಾನ್‌ಗಿಂತ ಸಣ್ಣವು, ಅವು ಫೋಮ್ ರಂಧ್ರದಲ್ಲಿ ಆರಾಮಾಗಿ ದಾಟ್ಕೊಂಡು ಹೋಗ್ತವೆ. ಅಂದ್ರೆ ಈ ಡಬ್ಬದ ಮುಖ್ಯ ಕೆಲಸ ಹೊಗೆನ ನಿಮ್ಮ ಮುಖದಿಂದ ಆಚೆ ತಗೊಂಡು ಹೋಗಿ ಹಿಂದೆ ಬಿಡೋದು. ಕಿಟಕಿ ತೆಗೆದಿಡೋದು ಇದರ ಜೊತೆಗೆ ಬೇಕೇ ಬೇಕು.

ಹೆಪಾ (ತೀರಾ ಸಣ್ಣ ಕಣನೂ ಹಿಡಿಯೋ ಫಿಲ್ಟರ್) ಹಾಕಬಹುದಲ್ವಾ ಅಂತ ಕೇಳೋರಿಗೆ: 2 ಮಿಮೀ ವಾಟರ್ ಅಂದ್ರೆ ಬರೀ 20 ಪಾಸ್ಕಲ್. ಗಟ್ಟಿ ಹೆಪಾ ತುಂಡನ್ನ ಇಷ್ಟೇ ಬಾಯಿಗೆ ಅಂಟಿಸಿದ್ರೆ ಫ್ಯಾನ್ ಸುಮ್ನೆ ಗಿರಗಿರ ಸುತ್ತತ್ತೆ, ಗಾಳಿ ಹೋಗಲ್ಲ. ಹಾಕಲೇಬೇಕಂದ್ರೆ ಮಡಿಕೆ ಮಡಿಕೆ ಇರೋ, ಬಿಡಿಸಿದ್ರೆ ತುಂಬಾ ವಿಸ್ತೀರ್ಣ ಬರೋ ಫಿಲ್ಟರ್ ಬೇಕು, ಜೊತೆಗೆ 38 ಮಿಮೀ ದಪ್ಪದ ಸರ್ವರ್ ಫ್ಯಾನೋ ಬ್ಲೋವರೋ ಬೇಕು. ಆಗ ಕರೆಂಟ್ ಏರತ್ತೆ, ಸದ್ದು ಏರತ್ತೆ, ಬ್ಯಾಟರಿ ಬೇಗ ಖಾಲಿ. ದಿನಾ ಎಂಟು ಗಂಟೆ ಸೋಲ್ಡರ್ ಮಾಡೋರು ಈ ಪ್ರಾಜೆಕ್ಟ್ ಬಿಟ್ಟು ಸರಿಯಾದ ಎಕ್ಸ್‌ಟ್ರಾಕ್ಷನ್ ಸಿಸ್ಟಮ್ಮೇ ಹಾಕಿಸಿಕೊಳ್ಳಿ, ಇದು ವಾರಕ್ಕೆ ಕೆಲವು ಗಂಟೆ ಕೂರೋರಿಗೆ.

ಕರೆಂಟ್ ಭಾಗಕ್ಕೆ: 18650 ಸೆಲ್ (ಚಾರ್ಜ್ ಮಾಡೋ ದುಂಡನೆ ಲಿಥಿಯಂ ಬ್ಯಾಟರಿ) ಎರಡು, ಎರಡು ಸೆಲ್ ಹೋಲ್ಡರ್ ಒಂದು, ಪ್ರೊಟೆಕ್ಷನ್ ಇರೋ ಟಿಪಿ4056 ಚಾರ್ಜರ್ ಬೋರ್ಡ್, ಎಂಟಿ3608 ಬೂಸ್ಟ್ ಬೋರ್ಡ್ (ಸೆಲ್ಲಿನ ವೋಲ್ಟೇಜನ್ನ 12 ಕ್ಕೆ ಏರಿಸೋದು), 3 ಆಂಪ್ ಫ್ಯೂಸ್, ರಾಕರ್ ಸ್ವಿಚ್, 22 ಗೇಜ್ ಸಿಲಿಕೋನ್ ವೈರ್, ಹೀಟ್ ಶ್ರಿಂಕ್. ಟಿಪಿ4056 ಎರಡು ತರ ಬರತ್ತೆ, ಬಿ ಪ್ಲಸ್ ಬಿ ಮೈನಸ್ ಮಾತ್ರ ಇರೋದು ಬೇಡ, ಅದರ ಜೊತೆ ಔಟ್ ಪ್ಲಸ್ ಔಟ್ ಮೈನಸ್ ಇರೋದೇ ಪ್ರೊಟೆಕ್ಷನ್ ಇರೋ ಬೋರ್ಡ್.

ಸೆಲ್ ಬಗ್ಗೆ ಜಿಪುಣತನ ಬೇಡ. 9900 ಎಂಎಎಚ್ ಅಂತ ಬರೆದಿರೋ 18650 ಕಂಡ್ರೆ ಅಲ್ಲಿಂದ ಎದ್ದು ಬನ್ನಿ, ಆ ಸೈಜಲ್ಲಿ ಒಳ್ಳೆ ಕಂಪನಿಯ ಸೆಲ್ಲೇ 3500 ಆಸುಪಾಸಿಗೆ ನಿಲ್ಲತ್ತೆ. ಹಳೇ ಲ್ಯಾಪ್‌ಟಾಪಿಂದ ಬಿಚ್ಚಿದ, ಚರಿತ್ರೆ ಗೊತ್ತಿಲ್ಲದ ಸೆಲ್ಲೂ ಬೇಡ. ತಮ್ಮಲ್ಲೇ ಪ್ರೊಟೆಕ್ಷನ್ ಸರ್ಕ್ಯೂಟ್ ಇರೋ ಸೆಲ್‌ಗಳು 65 ಮಿಮೀ ಬದಲು 68 ರಿಂದ 70 ಇರ್ತವೆ, ಕೆಲವು ಹೋಲ್ಡರ್‌ಗೆ ಕೂರಲ್ಲ, ತಗೊಳ್ಳೋ ಮುಂಚೆ ನೋಡ್ಕೊಳ್ಳಿ.

ಇನ್ನು ಎಂ4 × 40 ಬೋಲ್ಟ್ ನಾಲ್ಕು, ನಟ್ ನಾಲ್ಕು, ಬ್ಯಾಟರಿ ಡಬ್ಬ ಸೇರಿಸೋಕೆ ಇನ್ನೆರಡು ಬೋಲ್ಟು ನಟ್ಟು, ತಳಕ್ಕೆ ರಬ್ಬರ್ ಕಾಲು, ಫ್ಯಾನ್ ಹಿಂದಕ್ಕೆ ಒಂದು ವೈರ್ ಜಾಲರಿ, 6 × 3 ಮಿಮೀ ಮ್ಯಾಗ್ನೆಟ್ ಎಂಟು, ತೆಳು ಫೋಮ್ ಟೇಪ್. ಅಷ್ಟೇ.

ಪವರ್ ಬ್ಯಾಂಕಲ್ಲೇ ಓಡಿಸಬಾರದಾ? ಓಡಿಸಬಹುದು, ಯುಎಸ್‌ಬಿ-ಸಿ ಪಿಡಿ ಟ್ರಿಗರ್ ಬೋರ್ಡ್ (ಪವರ್ ಬ್ಯಾಂಕಿಂದ 5 ಕ್ಕಿಂತ ಜಾಸ್ತಿ ವೋಲ್ಟ್ ಕೇಳಿ ತಗೊಳ್ಳೋ ಬೋರ್ಡ್) ಹಾಕಿ. ಆದ್ರೆ ಪಿಡಿಲಿ ಸ್ಟ್ಯಾಂಡರ್ಡ್ ಇರೋದು 5, 9, 15, 20 ವೋಲ್ಟ್, 12 ಅನ್ನೋದು ಐಚ್ಛಿಕ, ನಿಮ್ಮ ಪವರ್ ಬ್ಯಾಂಕ್ ಕೊಡತ್ತಾ ಅಂತ ಅದರ ಹಿಂದೆ ಬರೆದಿರೋದನ್ನ ಓದಿ. 9 ವೋಲ್ಟಲ್ಲಿ ಫ್ಯಾನ್ ನಿಧಾನ ಓಡತ್ತೆ, ಕೆಲಸ ಆಗತ್ತೆ. ಲಿಥಿಯಂ ಸೆಲ್ ಮುಟ್ಟೋಕೆ ಧೈರ್ಯ ಇಲ್ದೋರಿಗೆ ಇದೇ ದಾರಿ, ಅದರಲ್ಲಿ ನಾಚಿಕೆ ಏನಿಲ್ಲ.

ಪ್ರಿಂಟ್ ಮಾಡೋ ಭಾಗಗಳು

ಮೆಟೀರಿಯಲ್ ಪಿಇಟಿಜಿ ಪ್ಲಾಸ್ಟಿಕ್. ಸಾಮಾನ್ಯವಾಗಿ ಬಳಸೋ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಹತ್ರ ಮೆತ್ತಗಾಗತ್ತೆ, ಪಿಇಟಿಜಿ 80 ರವರೆಗೆ ತಡ್ಕೊಳತ್ತೆ. ಐರನ್ ತಾಗಿದ್ರೆ ಎರಡೂ ಕರಗತ್ತೆ ಅದು ಬೇರೆ ಮಾತು, ನನ್ನ ಚಿಂತೆ ಚಾರ್ಜರ್ ಬೋರ್ಡಿನ ಬಿಸಿದು, ಅದು ಆಮೇಲೆ ಬರತ್ತೆ. 0.4 ನಾಝಲ್, 0.2 ಲೇಯರ್, ಗೋಡೆ 4 ಲೈನ್, ಇನ್‌ಫಿಲ್ 15 ಪರ್ಸೆಂಟ್ ಸಾಕು. ಯಾವ ಭಾಗಕ್ಕೂ ಸಪೋರ್ಟ್ (ವಾಲೋ ಭಾಗ ಬೀಳದಂಗೆ ಕೆಳಗೆ ಪ್ರಿಂಟ್ ಮಾಡೋ ತಾತ್ಕಾಲಿಕ ಆಸರೆ) ಬೇಡ, ಹಾಗೇ ಡಿಸೈನ್ ಮಾಡೋಣ.

ಮೊದಲನೇದು ಮೇನ್ ಬಾಡಿ. ಒಂದು ಚೌಕ ಡಬ್ಬ, ಹಿಂದಿನ ಗೋಡೆ 4 ಮಿಮೀ ದಪ್ಪ, ಅದರ ನಡುವೆ 116 ಮಿಮೀ ದುಂಡನೆ ತೂತು, ಸುತ್ತ 105 ಮಿಮೀ ಅಂತರದಲ್ಲಿ 4.5 ಮಿಮೀ ಬೋಲ್ಟ್ ತೂತು ನಾಲ್ಕು. 120 ಫ್ಯಾನ್‌ಗಳಿಗೆಲ್ಲ ಈ 105 ಒಂದೇ. ಒಳಗಿನ ಅಳತೆ 129 × 129, ಗಮನಿಸಿ, ಫೋಮ್ 130 ಇದೆ, ಜಾಗ 129. ಬೇಕಂತಲೇ 1 ಮಿಮೀ ಕಮ್ಮಿ. ಫೋಮ್ ಒತ್ತಿ ಕೂರಬೇಕು, ಅಂಚಲ್ಲಿ ಬೆಳಕು ಕಾಣಬಾರದು. ಗಾಳಿ ಸೋಮಾರಿ, ಫಿಲ್ಟರ್ ಒಳಗೆ ನುಗ್ಗೋ ಬದ್ಲು ಪಕ್ಕದ 1 ಮಿಮೀ ಸಂದಿ ಸಿಕ್ರೆ ಅಲ್ಲೇ ಹೋಗತ್ತೆ, ಆಮೇಲೆ ಫಿಲ್ಟರ್ ಇದ್ದೂ ದಂಡ. ಗೋಡೆ 3 ಮಿಮೀ ಇಟ್ರೆ ಹೊರಗೆ 135 ಬರತ್ತೆ.

ಫೋಮನ್ನ ನೇರ ಫ್ಯಾನಿಗೆ ಅಂಟಿಸಬೇಡಿ. ಹಾಗೆ ಮಾಡಿದ್ರೆ ರೆಕ್ಕೆ ಸುತ್ತೋ ಉಂಗುರದ ಎದುರಿಗಿರೋ ಫೋಮ್ ಮಾತ್ರ ಕೆಲಸ ಮಾಡತ್ತೆ, ಮಧ್ಯದ ಮೋಟರ್ ಎದುರಿಂದು ಮತ್ತು ನಾಲ್ಕು ಮೂಲೆ ವೇಸ್ಟು. ಫೋಮ್ ಮತ್ತೆ ಫ್ಯಾನ್ ಮಧ್ಯೆ 15 ಮಿಮೀ ಖಾಲಿ ಜಾಗ ಬಿಟ್ರೆ ಗಾಳಿ ಪೂರ್ತಿ ಫೋಮಿಂದ ಬರತ್ತೆ. ಅದಕ್ಕೆ ಮೂಲೆಗಳಲ್ಲಿ 15 ಮಿಮೀ ಎತ್ತರದ ಕಂಬ ನಾಲ್ಕು ಕೊಡಿ, ಅದರ ಮೇಲೆ 4 ಮಿಮೀ ದಪ್ಪದ ಜಾಲರಿ ಬೇರೆಯಾಗಿ ಪ್ರಿಂಟ್ ಮಾಡಿ ಇಳಿಸಿ, 2 ಮಿಮೀ ಪಟ್ಟಿ, 25 ಮಿಮೀಗೊಂದು. ಅದರ ಮೇಲೆ ಫೋಮ್, 10 ರ ಫೋಮಿಗೆ 9 ಮಿಮೀ ಜಾಗ. ಮೇಲೆ ಗ್ರಿಲ್ ಕೂರೋಕೆ 3 ಮಿಮೀ. ಎಲ್ಲಾ ಸೇರಿ ಆಳ 35 ಮಿಮೀ.

ಚೌಕದಿಂದ ದುಂಡಕ್ಕೆ ಚೆಂದವಾಗಿ ಇಳಿಯೋ ಫನೆಲ್ ಆಕಾರ ಮಾಡೋ ಆಸೆ ಎಲ್ಲರಿಗೂ ಬರತ್ತೆ. ಬೇಡ. ಇಷ್ಟು ಕಮ್ಮಿ ಆಳದಲ್ಲಿ ಮೂಲೆಗಳು 60 ಡಿಗ್ರಿಗಿಂತ ಜಾಸ್ತಿ ವಾಲ್ತವೆ, ಸಪೋರ್ಟ್ ಇಲ್ದೆ ಪ್ರಿಂಟ್ ಆಗಲ್ಲ, ಈ ವೇಗದ ಗಾಳಿಗೆ ಅದರಿಂದ ದೊಡ್ಡ ವ್ಯತ್ಯಾಸನೂ ಇಲ್ಲ. ಹಿಂದಿನ ಗೋಡೆ ಬೆಡ್ ಮೇಲೆ ಬರೋ ಹಾಗೆ ಮಲಗಿಸಿ ಪ್ರಿಂಟ್ ಕೊಡಿ, ತಕರಾರಿಲ್ದೆ ಬರತ್ತೆ.

ಎರಡನೇದು ಮುಂದಿನ ಗ್ರಿಲ್. ಜೇನುಗೂಡಿನ ಜಾಲರಿ, ತೂತು 14 ಮಿಮೀ, ಗೋಡೆ 2 ಮಿಮೀ, ಹಂಗಿದ್ರೆ ಮುಕ್ಕಾಲು ಭಾಗ ತೆರೆದಿರತ್ತೆ. ಸಣ್ಣ ಸಣ್ಣ ಚುಕ್ಕಿ ತೂತು ನೋಡೋಕೆ ಚೆಂದ, ಗಾಳಿಗೆ ಶತ್ರು. ನಾಲ್ಕು ಮೂಲೆಗೂ ಮ್ಯಾಗ್ನೆಟ್ ಕೂರಿಸೋ ಗುಳಿ, 6.2 ಮಿಮೀ ಅಗಲ 3.2 ಆಳ. ಬಾಡಿಯ ಮೂಲೆಲೂ ಅದೇ ಗುಳಿ, ಅಲ್ಲಿ ಗೋಡೆ 3 ಮಿಮೀ ಸಾಕಾಗಲ್ಲ, ಹೊರಗಡೆಗೆ 10 ಮಿಮೀ ಕಿವಿ ಎಳೀರಿ, ಕೆಳಗಿಂದ 45 ಡಿಗ್ರಿ ಓರೆ ಕೊಟ್ಟು. ಮ್ಯಾಗ್ನೆಟ್ ಅಂಟಿಸೋ ಮುಂಚೆ ಎದುರುಬದುರು ಹಿಡಿದು ಯಾವ ಮುಖ ಎಳೆಯತ್ತೆ ನೋಡಿ ಮಾರ್ಕರಲ್ಲಿ ಗುರುತು ಹಾಕ್ಕೊಳ್ಳಿ, ಅಂಟು ಒಣಗಿದ ಮೇಲೆ ಉಲ್ಟಾ ಅಂತ ಗೊತ್ತಾದ್ರೆ ಕೀಳೋದು ನರಕ.

ಮೂರನೇದು ಫ್ಲ್ಯಾಂಜ್, ಇದನ್ನ ಬಹಳ ಡಿಸೈನ್‌ಗಳಲ್ಲಿ ಕೊಟ್ಟೇ ಇರಲ್ಲ. ಬಾಯಿಯ ಸುತ್ತ ಒಂದು ಚಪ್ಪಟೆ ಅಂಚು. ಫ್ಯಾನ್ ಎಳೆಯೋ ಗಾಳಿಲಿ ಒಂದಷ್ಟು ಡಬ್ಬದ ಹಿಂಬದಿಯಿಂದ ಸುತ್ತಿ ಬರತ್ತೆ, ಅದರಲ್ಲಿ ಹೊಗೆನೇ ಇರಲ್ಲ. ಅಂಚು ಇಟ್ರೆ ಆ ದಾರಿ ಬಂದ್, ಎಳೆತ ಪೂರ್ತಿ ಮುಂದಿಂದ. ವೆಂಟಿಲೇಶನ್ ಲೆಕ್ಕದಲ್ಲಿ ಅಗಲವಾದ ಫ್ಲ್ಯಾಂಜ್ ಇದ್ರೆ ಅಷ್ಟೇ ಹಿಡಿತಕ್ಕೆ ಕಾಲು ಭಾಗ ಕಮ್ಮಿ ಗಾಳಿ ಸಾಕು. ನಮ್ಮದು ಬರೀ 30 ಮಿಮೀ, ಪೂರ್ತಿ ಲಾಭ ಬರಲ್ಲ, ಬಂದಷ್ಟು ಬರಲಿ, ಒಂದು ಪೈಸೆ ಕರೆಂಟ್ ಖರ್ಚಿಲ್ಲ. ಮೇಲೆ ಮತ್ತು ಎರಡೂ ಪಕ್ಕಕ್ಕೆ 30 ಮಿಮೀ ಕೊಟ್ರೆ ಅಗಲ 195 ಆಗತ್ತೆ, 220 ರ ಬೆಡ್ಡಲ್ಲಿ ಕೂರತ್ತೆ. ಕೆಳಗಡೆ ಬೇಡ, ಆ ಕೆಲಸ ಟೇಬಲ್ಲೇ ಮಾಡತ್ತೆ. ಬಾಡಿಗೆ ಜಾರಿಸಿ ಹಾಕೋ ಹಾಗೆ ಬಿಡಿ ಭಾಗವಾಗಿ ಮಾಡಿ, 0.4 ಮಿಮೀ ಸಡಿಲ, ಮೂಲೆ ಕಿವಿಗಳಿಗೆ ಜಾಗ ಕೊರೆದು.

ನಾಲ್ಕನೇದು ಕೆಳಗಿನ ಬ್ಯಾಟರಿ ಡಬ್ಬ. ಹೊರಗೆ 135 × 75 × 30 ಮಿಮೀ ಇಟ್ಕೊಳ್ಳಿ, ಎರಡು ಸೆಲ್ ಹೋಲ್ಡರ್ ಸುಮಾರು 77 × 40 ಬರತ್ತೆ, ಪಕ್ಕದಲ್ಲಿ ಎರಡೂ ಬೋರ್ಡಿಗೆ ಜಾಗ ಸಿಗತ್ತೆ. ಒಂದು ಸೆಲ್ ಹತ್ತಿರ ಹತ್ತಿರ 45 ಗ್ರಾಂ, ಆ ತೂಕ ಕೆಳಗೇ ಇದ್ರೆ ಫ್ಯಾನ್ ಮುಗ್ಗರಿಸಲ್ಲ. ತಳಕ್ಕೆ ರಬ್ಬರ್ ಕಾಲು. ಸ್ವಿಚ್ ಕಟ್‌ಔಟ್ ಅಳತೆ ಯಾವ ವೆಬ್‌ಸೈಟ್ ನಂಬೋದೂ ಬೇಡ, ನಿಮ್ಮ ಕೈಲಿರೋ ಸ್ವಿಚ್ಚನ್ನೇ ಕ್ಯಾಲಿಪರಲ್ಲಿ ಹಿಡಿದು 0.3 ಮಿಮೀ ಸೇರಿಸಿ. ಯುಎಸ್‌ಬಿ ಪೋರ್ಟಿನ ತೂತಿಗೂ ಅದೇ, ಆದ್ರೆ ಅಲ್ಲಿ ಕೇಬಲ್ಲಿನ ಪ್ಲಾಸ್ಟಿಕ್ ತಲೆ ಒಳಗೆ ಹೋಗೋಕೂ ಜಾಗ ಬೇಕು ಅನ್ನೋದು ಮರೀಬೇಡಿ, ಬೋರ್ಡ್ ಗೋಡೆಯಿಂದ 2 ಮಿಮೀ ಹಿಂದಿದ್ರೆ ಸಾಕು ಪ್ಲಗ್ ಅರ್ಧಕ್ಕೇ ನಿಲ್ಲತ್ತೆ.

ಟಿಪಿ4056 ಗೆ ಬರೋಣ. ಅದು ಲೀನಿಯರ್ ಚಾರ್ಜರ್, 5 ವೋಲ್ಟಿಂದ ಸೆಲ್ ವೋಲ್ಟೇಜಿಗೆ ಇಳಿಸಿದ್ದನ್ನೆಲ್ಲ ಬಿಸಿಯಾಗಿ ಬಿಡತ್ತೆ. ಸೆಲ್ 3 ವೋಲ್ಟಿಗೆ ಇಳಿದಾಗ 1 ಆಂಪಲ್ಲಿ ಚಾರ್ಜಿಗಿಟ್ರೆ 2 ವಾಟ್ ಒಂದು ಬೆರಳುಗುರು ಸೈಜಿನ ಚಿಪ್ಪಿಂದ ಬರಬೇಕು. ಮುಟ್ಟಿದ್ರೆ ಸುಡತ್ತೆ. ಹಾಗಾಗಿ ಅದನ್ನ ಗೋಡೆಗೆ ಅಂಟಿಸದೆ 5 ಮಿಮೀ ಎತ್ತರದ ಕಂಬಗಳ ಮೇಲೆ ನಿಲ್ಲಿಸಿ, ಸುತ್ತ ಗಾಳಿ ಸಂದು ಕೊಡಿ, ಸೆಲ್ ಪಕ್ಕ ಇಡ್ಲೇಬೇಡಿ.

ವೈರಿಂಗ್

ಎರಡು ಸೆಲ್ಲನ್ನ ಪ್ಯಾರಲಲ್ ಹಾಕ್ತೀವಿ, ಅಂದ್ರೆ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್. ಸೆಲ್ ಹಾಕೋ ಮುಂಚೆ ಎರಡನ್ನೂ ಬೇರೆ ಬೇರೆ ಫುಲ್ ಚಾರ್ಜ್ ಮಾಡಿ, ಮೀಟರಲ್ಲಿ ನೋಡಿ, ವ್ಯತ್ಯಾಸ 0.05 ವೋಲ್ಟ್ ಒಳಗಿರಲಿ. ಒಂದು 4.2 ಇನ್ನೊಂದು 3.4 ಇದ್ದು ಜೋಡಿಸಿದ್ರೆ ತುಂಬಿರೋದು ಖಾಲಿ ಇರೋದಕ್ಕೆ ಒಂದೇ ಸಮ ಕರೆಂಟ್ ಸುರಿಯತ್ತೆ, ಅದು ಅಪಾಯ. ಮೂರು ಸೆಲ್ ಸೀರೀಸ್ ಹಾಕಿ ನೇರ 12 ವೋಲ್ಟ್ ತಗೋಬಹುದು, ಬೂಸ್ಟ್ ಬೇಕಾಗಲ್ಲ, ಆದ್ರೆ ಅದಕ್ಕೆ ಬ್ಯಾಲೆನ್ಸ್ ಇರೋ ಬಿಎಂಎಸ್ಸು (ಮೂರೂ ಸೆಲ್ಲನ್ನ ಸಮವಾಗಿ ಇಟ್ಟು ಕಾಯೋ ಬೋರ್ಡ್), 12.6 ವೋಲ್ಟಿನ ಬೇರೆ ಚಾರ್ಜರ್ರು ಬೇಕು. ಮೊಬೈಲ್ ಚಾರ್ಜರಲ್ಲೇ ಮುಗೀಲಿ ಅನ್ನೋದಾದ್ರೆ ಪ್ಯಾರಲಲ್ಲೇ ಸರಿ.

ಮೊದಲನೇ ಕೆಲಸ ಬೂಸ್ಟ್ ಸೆಟ್ ಮಾಡೋದು, ಫ್ಯಾನ್ ಜೋಡಿಸದೆ. ಎಂಟಿ3608 ಇನ್‌ಪುಟ್ಟಿಗೆ ಯುಎಸ್‌ಬಿ 5 ವೋಲ್ಟ್ ಕೊಟ್ಟು ಔಟ್‌ಪುಟ್ಟಿಗೆ ಮೀಟರ್ ಹಿಡಿದು ನೀಲಿ ಟ್ರಿಮ್ ಪಾಟಿನ (ವೋಲ್ಟೇಜ್ ಹೊಂದಿಸೋ ಸಣ್ಣ ಡಬ್ಬಿ) ಹಿತ್ತಾಳೆ ಸ್ಕ್ರೂ ತಿರುಗಿಸಿ. ಹೊಸ ಬೋರ್ಡಲ್ಲಿ ಹಲವು ಸುತ್ತು ತಿರುಗಿಸಿದ್ರೂ ಮೀಟರ್ ಅಲ್ಲಾಡಲ್ಲ, ಜನ ಬೋರ್ಡ್ ಸತ್ತಿದೆ ಅಂತ ಎಸೀತಾರೆ. ಸತ್ತಿಲ್ಲ. ಅಪ್ರದಕ್ಷಿಣವಾಗಿ ತಿರುಗಿಸ್ತಾನೇ ಇರಿ, ಹತ್ತು ಹನ್ನೆರಡು ಸುತ್ತಾದ್ಮೇಲೆ ಮೀಟರ್ ಅಲ್ಲಾಡೋಕೆ ಶುರುವಾಗತ್ತೆ. 12.0 ಕ್ಕೆ ನಿಲ್ಲಿಸಿ, ಸ್ಕ್ರೂ ತಲೆಗೆ ಒಂದು ಹನಿ ನೇಲ್ ಪಾಲಿಶ್ ಹಾಕಿ. ಸದ್ದು ಕಮ್ಮಿ ಬೇಕಂದ್ರೆ 9 ವೋಲ್ಟಿಗೂ ಇಡಬಹುದು, ಫ್ಯಾನ್ ಎಳೆಯೋ ಪವರ್ ಅರ್ಧಕ್ಕಿಂತ ಕೆಳಗೆ ಬರತ್ತೆ.

ಆಮೇಲೆ ಈ ಕ್ರಮದಲ್ಲಿ ಹೋಗಿ, ಸೆಲ್ ಹೋಲ್ಡರ್ ಖಾಲಿ ಇರಲಿ:

1. ಹೋಲ್ಡರಿನ ಪ್ಲಸ್ ಫ್ಯೂಸಿಗೆ, ಫ್ಯೂಸಿನ ಇನ್ನೊಂದು ತುದಿ ಟಿಪಿ4056 ಬಿ ಪ್ಲಸ್‌ಗೆ. ಹೋಲ್ಡರಿನ ಮೈನಸ್ ಬಿ ಮೈನಸ್‌ಗೆ.
2. ಔಟ್ ಪ್ಲಸ್ ಸ್ವಿಚ್ಚಿಗೆ, ಸ್ವಿಚ್ಚಿಂದ ಬೂಸ್ಟಿನ ಇನ್ ಪ್ಲಸ್‌ಗೆ. ಔಟ್ ಮೈನಸ್ ನೇರ ಇನ್ ಮೈನಸ್‌ಗೆ.
3. ಬೂಸ್ಟಿನ ಔಟ್ ಪ್ಲಸ್ ಫ್ಯಾನಿನ ಪ್ಲಸ್‌ಗೆ, ಮೈನಸ್ ಮೈನಸ್‌ಗೆ.

ಸ್ವಿಚ್ ಬೂಸ್ಟಿಗಿಂತ ಮುಂಚೆನೇ ಇರಬೇಕು. ಬೂಸ್ಟ್ ಆದ್ಮೇಲೆ ಹಾಕಿದ್ರೆ ಆಫ್ ಮಾಡಿದ್ರೂ ಬೂಸ್ಟ್ ಬೋರ್ಡ್ ಸೆಲ್ಲನ್ನ ಹನಿಹನಿಯಾಗಿ ಕುಡೀತಾ ಇರತ್ತೆ. ಇನ್ನು ಲೋಡನ್ನ ಅಪ್ಪಿತಪ್ಪಿಯೂ ಬಿ ಪ್ಲಸ್ ಬಿ ಮೈನಸ್‌ಗೆ ಕೊಡಬೇಡಿ, ಪ್ರೊಟೆಕ್ಷನ್ ಪೂರ್ತಿ ಬೈಪಾಸ್ ಆಗತ್ತೆ.

ಫ್ಯಾನ್ ವೈರಲ್ಲಿ ಕಪ್ಪು, ಕೆಂಪು ಇದ್ರೆ ಸುಲಭ. ಎಲ್ಲಾ ವೈರೂ ಕಪ್ಪೇ ಇರೋ ಫ್ಯಾನ್ ಆದ್ರೆ ಕನೆಕ್ಟರಿನ ಎರಡು ಸಣ್ಣ ಏಣು ನೋಡಿ, ಏಣಿರೋ ಕಡೆಯ ಅಂಚಿನ ಪಿನ್ ಗ್ರೌಂಡ್, ಅದರ ಪಕ್ಕದ್ದು 12 ವೋಲ್ಟ್, ಮೂರನೇದು ಸ್ಪೀಡ್ ಸಿಗ್ನಲ್, ನಾಲ್ಕನೇದಿದ್ರೆ ಪಿಡಬ್ಲ್ಯೂಎಂ, ಅಂದ್ರೆ ವೇಗ ಹೊಂದಿಸೋ ವೈರ್. ಕೊನೇ ಎರಡನ್ನ ಬೇರೆ ಬೇರೆಯಾಗಿ ಹೀಟ್ ಶ್ರಿಂಕ್ ಹಾಕಿ ಮುಚ್ಚಿಬಿಡಿ. ಪಿಡಬ್ಲ್ಯೂಎಂ ಖಾಲಿ ಬಿಟ್ರೆ ಫ್ಯಾನ್ ಫುಲ್ ಸ್ಪೀಡಲ್ಲೇ ಓಡತ್ತೆ, ನಮಗೆ ಬೇಕಿರೋದೂ ಅದೇ.

ಸೆಲ್ ಮೇಲೆ ನೇರವಾಗಿ ಸೋಲ್ಡರ್ ಮಾಡೋ ಯೋಚನೆ ಇದ್ರೆ ಬಿಟ್ಬಿಡಿ, ಆ ಬಿಸಿ ಒಳಗಿನ ಸೀಲು, ಸೆಪರೇಟರ್ ಹಾಳು ಮಾಡತ್ತೆ. ಹೋಲ್ಡರ್ ಇರೋದೇ ಅದಕ್ಕೆ.

ಈಗ ಸೆಲ್ ಹಾಕಿ, ಪೋಲಾರಿಟಿ ಎರಡು ಸಲ ನೋಡಿ. ಸ್ವಿಚ್ ಹಾಕಿದ್ರೂ ಫ್ಯಾನ್ ಸುತ್ತಲಿಲ್ವಾ? ಗಾಬರಿ ಬೇಡ, ಸೆಲ್ ಮೊದಲ ಸಲ ಹಾಕಿದಾಗ ಪ್ರೊಟೆಕ್ಷನ್ ಚಿಪ್ ಲಾಕ್ ಆಗಿ ಕೂತಿರೋದು ಸಾಮಾನ್ಯ. ಚಾರ್ಜರ್ ಒಂದೆರಡು ಸೆಕೆಂಡ್ ಚುಚ್ಚಿ ತೆಗೀರಿ, ಎಚ್ಚರ ಆಗತ್ತೆ. ಸಿ-ಟು-ಸಿ ಕೇಬಲ್ ಚುಚ್ಚಿದ್ರೆ ಚಾರ್ಜೇ ಆಗ್ತಿಲ್ಲ ಅಂದ್ರೆ ಬೋರ್ಡಲ್ಲಿ 5.1 ಕಿಲೋ ಓಮಿನ ಎರಡು ರೆಸಿಸ್ಟರ್ ಹಾಕದೆ ಉಳಿಸಿರ್ತಾರೆ, ಹಳೇ ಎ-ಟು-ಸಿ ಕೇಬಲ್ ಹಾಕಿ, ಆಗತ್ತೆ.

ಎಷ್ಟೊತ್ತು ಓಡತ್ತೆ? ಲೇಬಲ್ ಮೇಲೆ 0.3 ಆಂಪ್ ಇರೋ ಫ್ಯಾನ್ ಅಂದ್ರೆ 3.6 ವಾಟ್, ಬೂಸ್ಟಲ್ಲಿ ಹೋಗೋದು ಸೇರಿ 4.2. 2600 ಎಂಎಎಚ್ ಸೆಲ್ ಎರಡಕ್ಕೆ 19 ವಾಟ್-ಅವರ್, ಅಂದ್ರೆ ನಾಲ್ಕೂವರೆ ಗಂಟೆ. ಬಹಳ ಫ್ಯಾನ್‌ಗಳು ಲೇಬಲ್ಲಿಗಿಂತ ಕಮ್ಮಿನೇ ತಿನ್ನೋದು, ಹಾಗಾಗಿ ಇನ್ನೂ ಜಾಸ್ತಿನೇ ಬರಬಹುದು. ಚಾರ್ಜಿಗೆ 1 ಆಂಪಲ್ಲಿ ಆರು ಗಂಟೆ ಹತ್ರ, ರಾತ್ರಿ ಹಾಕಿ ಮಲಗೋದಕ್ಕಿಂತ ಎದ್ದಿರುವಾಗ ಕಣ್ಣಳತೆಲಿ ಹಾಕಿ. ಚಾರ್ಜ್ ಆಗ್ತಿರುವಾಗ ಫ್ಯಾನ್ ಓಡಿಸಬೇಡಿ, ಚಾರ್ಜರ್ ಕೊಡೋದೇ 1 ಆಂಪ್, ಫ್ಯಾನ್ ಸೆಲ್ ಕಡೆಯಿಂದ ಎಳೆಯೋದೂ ಹತ್ತಿರ ಹತ್ತಿರ ಅಷ್ಟೇ, ಸೆಲ್ ತುಂಬೋದೂ ಇಲ್ಲ, ಚಾರ್ಜರಿಗೆ ಮುಗೀತು ಅಂತ ಗೊತ್ತಾಗೋದೂ ಇಲ್ಲ.

ಒಂದು ವಿಷಯ ಕಾಡತ್ತೆ: ಸೆಲ್ ಇಳಿದ್ರೂ ಬೂಸ್ಟ್ 12 ವೋಲ್ಟ್ ಕೊಡ್ತಾನೇ ಇರತ್ತೆ, ಫ್ಯಾನ್ ನಿಧಾನ ಆಗಲ್ಲ, ಸುಳಿವೇ ಇಲ್ದೆ ಒಮ್ಮೆಗೇ ನಿಲ್ಲತ್ತೆ. ಅಷ್ಟೊತ್ತಿಗೆ ಸೆಲ್ 2.4 ವೋಲ್ಟ್ ಹತ್ರ ಹೋಗಿರತ್ತೆ, ಈ ಬೋರ್ಡ್ ಕಟ್ ಮಾಡೋದೇ ಅಲ್ಲಿ, ಸೆಲ್ಲಿನ ಆಯಸ್ಸಿಗೆ ಅದು ಒಳ್ಳೇದಲ್ಲ. ನಾಲ್ಕು ಗೆರೆಯ ಸಣ್ಣ ಬ್ಯಾಟರಿ ಇಂಡಿಕೇಟರ್ ಬೋರ್ಡ್ ಸಿಗತ್ತೆ, ಸ್ವಿಚ್ಚಿನ ಆಚೆ ಬದಿಗೆ ಹಾಕಿ, ಒಂದು ಗೆರೆ ಉಳಿದಾಗ ಚಾರ್ಜಿಗಿಡಿ.

ಜೋಡಣೆ, ಟೆಸ್ಟು

ಫ್ಯಾನಿನ ಪಕ್ಕದಲ್ಲಿ ಬಾಣದ ಗುರುತಿರತ್ತೆ. ಇಲ್ಲಾಂದ್ರೆ ಸ್ಟಿಕ್ಕರ್ ಮತ್ತು ಅಡ್ಡಪಟ್ಟಿ ಇರೋ ಕಡೆಯಿಂದ ಗಾಳಿ ಹೊರಗೆ ಬರತ್ತೆ ಅಂತ ನೆನಪಿಡಿ, ಅದು ಹಿಂದಕ್ಕೆ. ಬಾಡಿ ಮತ್ತು ಫ್ಯಾನ್ ಮಧ್ಯೆ ಫೋಮ್ ಟೇಪ್ ಸುತ್ತಿ, ಹಿಂದಿನ ವೈರ್ ಜಾಲರಿ ಸೇರಿಸಿ ನಾಲ್ಕು ಬೋಲ್ಟ್ ಹಾಕಿ, ಪ್ಲಾಸ್ಟಿಕ್ ಬಾಗುವಷ್ಟು ಬಿಗೀಬೇಡಿ. ಬ್ಯಾಟರಿ ಡಬ್ಬನ ಬಾಡಿಗೆ ಎರಡು ಕಿವಿ, ಎರಡು ಬೋಲ್ಟಲ್ಲಿ ಸೇರಿಸಿ, ಹಿಂದಕ್ಕೆ ಸ್ವಲ್ಪ ವಾಲಿಸೋಕೆ ಬರಲಿ.

ಟಿಶ್ಯೂ ಪೇಪರಿನ ಒಂದು ಎಳೆ ಹರಿದು ಗ್ರಿಲ್ ಮುಂದೆ ಹಿಡೀರಿ. ಮಧ್ಯದಲ್ಲೂ ಮೂಲೆಲೂ ಒಂದೇ ತರ ಅಂಟ್ಕೋಬೇಕು. ಆಮೇಲೆ ಎಳೆನ ಬಾಡಿ ಮತ್ತು ಫ್ಯಾನ್ ಸೇರೋ ಗೆರೆ ಪಕ್ಕ ಸುತ್ತ ಓಡಿಸಿ, ಎಲ್ಲಾದ್ರೂ ಒಳಗೆ ಎಳೆದ್ರೆ ಅಲ್ಲಿ ಸೋರಿಕೆ, ಇನ್ನೊಂದು ಸುತ್ತು ಟೇಪ್. ಕೊನೇಗೆ ನಿಜವಾದ ಪರೀಕ್ಷೆ: ಐರನ್ ತುದಿಗೆ ಸ್ವಲ್ಪ ಸೋಲ್ಡರ್ ತಾಗಿಸಿ ಹೊಗೆ ಬರಿಸಿ, 5 ಸೆಂಮೀಯಿಂದ ನಿಧಾನ ದೂರ ಸರಿಸ್ತಾ ಹೋಗಿ. ಅಡ್ಡಕ್ಕೆ ಬಾಗಿ ಹೋಗ್ತಿದ್ದ ಹೊಗೆ ಒಂದು ಜಾಗದಲ್ಲಿ ಅನುಮಾನಿಸಿದ ಹಾಗೆ ಅಲುಗಾಡಿ ನೆಟ್ಟಗೆ ಮೇಲಕ್ಕೆ ಏಳೋಕೆ ಶುರು ಮಾಡತ್ತೆ. ಅದೇ ನಿಮ್ಮ ಗಡಿ. ಅದಕ್ಕಿಂತ ಒಂದೆರಡು ಸೆಂಮೀ ಒಳಗೇ ಕೆಲಸ ಮಾಡಿ, ಹೆಚ್ಚಾಗಿ 5 ರಿಂದ 8 ಸೆಂಮೀ ಬರತ್ತೆ.

ಬಳಸುವಾಗ ಡಬ್ಬ ಜಾಯಿಂಟಿನ ಹಿಂದೆ, ನಿಮ್ಮ ಎದುರುಗಡೆ ಇರಲಿ, ಹೊಗೆ ನಿಮ್ಮಿಂದ ದೂರ ಹೋಗೋ ಹಾಗೆ. ಹಿಂದಿಂದ ಬರೋ ಗಾಳಿ ಕಿಟಕಿ ಕಡೆ ಮುಖ ಮಾಡಿರಲಿ, ಎದುರು ಕೂತಿರೋರ ಮುಖಕ್ಕಲ್ಲ. ರೂಮಿನ ಫ್ಯಾನ್ ಜೋರಾಗಿ ತಿರುಗ್ತಿದ್ರೆ ಇದೆಲ್ಲ ವ್ಯರ್ಥ, ನಮ್ಮ ಎಳೆತ ಸೆಕೆಂಡಿಗೆ 0.3 ಮೀಟರ್, ರೂಮಿನ ಫ್ಯಾನ್ ಗಾಳಿ ಅದಕ್ಕಿಂತ ಎಷ್ಟೋ ಜಾಸ್ತಿ. ಜಾಯಿಂಟ್ ತಣ್ಣಗಾಗಿ ಕೋಲ್ಡ್ ಸೋಲ್ಡರ್ ಆಗತ್ತೆ ಅನ್ನೋ ಭಯ ಬೇಡ, ಇಷ್ಟು ಗಾಳಿಗೆ ಐರನ್ ಜಗ್ಗಲ್ಲ. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಸುರಿದು ಬೋರ್ಡ್ ತೊಳೆಯುವಾಗ ಮಾತ್ರ ಇದನ್ನ ಆಫ್ ಮಾಡಿ ದೂರ ಇಡಿ, ಇದರ ಸ್ವಿಚ್ಚು ಬೋರ್ಡು ಯಾವುದೂ ಬೆಂಕಿ ಹತ್ತೋ ಆವಿಗೆ ಅಂತ ಮಾಡಿದ್ದಲ್ಲ. ಫೋಮ್ ಕೂಡ ಸುಡೋ ವಸ್ತುನೇ, ಐರನ್ ಸ್ಟ್ಯಾಂಡ್ ಗ್ರಿಲ್ಲಿಗೆ ಒರಗಿಸಿ ಇಡಬೇಡಿ.

ಫೋಮ್ ಯಾವಾಗ ಬದಲಾಯಿಸೋದು ಅಂದ್ರೆ ಕ್ಯಾಲೆಂಡರ್ ನೋಡಿ ಅಲ್ಲ, ಮೂಗಿಂದ. ಹಿಂದಿಂದ ಬರೋ ಗಾಳಿಲಿ ರೋಸಿನ್ ವಾಸನೆ ಮುಂಚಿನಕ್ಕಿಂತ ಗಾಢ ಆದ್ರೆ, ಇಲ್ಲಾ ಮುಟ್ಟಿದಾಗ ಅಂಟಂಟು ಅನ್ಸಿದ್ರೆ ಕಾಲ ಮುಗೀತು. ತೊಳೆದು ಬಿಸಿಲಿಗೆ ಹಾಕಿದ್ರೆ ಕಾರ್ಬನ್ ಹೊಸದಾಗಲ್ಲ. ಫೋಮ್ ತೆಗೆದಾಗ ಫ್ಯಾನ್ ರೆಕ್ಕೆನೂ ನೋಡಿ, ಅಂಚಲ್ಲಿ ಕಂದು ಬಣ್ಣದ ಜಿಡ್ಡು ಕೂತಿದ್ರೆ ಸೆಲ್ ತೆಗೆದಿಟ್ಟು ಐಪಿಎಲಿ ಅದ್ದಿದ ಬಟ್ಟೆಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಸೆಲ್ ಹಾಕಿ. ತಿಂಗಳುಗಟ್ಟಲೆ ಬಳಸಲ್ಲ ಅಂತಿದ್ರೆ ಸೆಲ್ಲನ್ನ ಫುಲ್ ಚಾರ್ಜಲ್ಲೂ ಬಿಡಬೇಡಿ, ಖಾಲಿಲೂ ಬಿಡಬೇಡಿ, 3.7 ರಿಂದ 3.8 ವೋಲ್ಟಿಗೆ ತಂದು ಹೋಲ್ಡರಿಂದ ಬಿಚ್ಚಿ ಪ್ಲಾಸ್ಟಿಕ್ ಕೇಸಲ್ಲಿ ಹಾಕಿಡಿ.